ಕ್ಷೇತ್ರದ ಮಾರ್ಕೆಟ್‌ನಲ್ಲಿ ಕಾಣುವ 76% ನಂಬಿ ದುಡ್ಡು ಹಾಕಬೇಡಿ

ಅಮೆರಿಕದ ಹೌಸ್ (ಸಂಸತ್ತಿನ ಕೆಳಮನೆ) ಚುನಾವಣೆಯ ಬಿಡಿಬಿಡಿ ಕ್ಷೇತ್ರಗಳಿಗೂ ಈಗ ಪ್ರಿಡಿಕ್ಷನ್ ಮಾರ್ಕೆಟ್‌ಗಳಲ್ಲಿ (ಫಲಿತಾಂಶದ ಮೇಲೆ ಹಣ ಹಾಕುವ ತಾಣಗಳಲ್ಲಿ) ಕಾಂಟ್ರಾಕ್ಟ್ ಸಿಗುತ್ತದೆ. ನೀವು ಹಣ ಹಾಕಿದ ಅಭ್ಯರ್ಥಿ ಗೆದ್ದರೆ ಕಾಂಟ್ರಾಕ್ಟಿಗೆ ಒಂದು ಡಾಲರ್, ಸೋತರೆ ಸೊನ್ನೆ. ಅಧ್ಯಕ್ಷ ಚುನಾವಣೆಯ ಮಾರ್ಕೆಟ್ ನೋಡಿ ಅಭ್ಯಾಸವಾದವರು ಅದೇ ಧೈರ್ಯದಲ್ಲಿ ಇಲ್ಲಿಗೆ ಬಂದು ಕೈ ಸುಟ್ಟುಕೊಳ್ಳುತ್ತಾರೆ. ಅಲ್ಲಿ ಕೋಟಿಗಟ್ಟಲೆ ಡಾಲರ್ ಓಡಾಡುತ್ತದೆ. ಇಲ್ಲಿ ಎಷ್ಟೋ ಸಲ ಬೆರಳೆಣಿಕೆಯಷ್ಟು ಆರ್ಡರ್ ಬಿಟ್ಟರೆ ಬೇರೇನೂ ಇರುವುದಿಲ್ಲ.

ನಷ್ಟ ಹೇಗಾಗುತ್ತದೆ ಅಂತ ಒಂದು ಲೆಕ್ಕ ಹಾಕೋಣ. ಪರದೆಯಲ್ಲಿ ಗೆಲ್ಲುವ ಸಾಧ್ಯತೆ 76% ಎಂದಿದೆ, ಅಂದರೆ ಒಂದು ಕಾಂಟ್ರಾಕ್ಟಿಗೆ 76 ಸೆಂಟ್. ಅದು ನಿನ್ನೆ ಯಾರೋ ಹತ್ತು ಕಾಂಟ್ರಾಕ್ಟ್ ಕೊಂಡ ಬೆಲೆಯೂ ಇರಬಹುದು. ಆರ್ಡರ್ ಬುಕ್ (ಕೊಳ್ಳುವವರು, ಮಾರುವವರು ಇಟ್ಟ ಬೆಲೆಗಳ ಪಟ್ಟಿ) ತೆರೆದರೆ ಮಾರುವವರ ಕಡೆ 82 ಸೆಂಟಿಗೆ 40, 86ಕ್ಕೆ 60, 93ಕ್ಕೆ 150 ಕಾಂಟ್ರಾಕ್ಟ್ ಇವೆ. 200 ಬೇಕೆಂದು ಮಾರ್ಕೆಟ್ ಆರ್ಡರ್ (ಸಿಕ್ಕ ಬೆಲೆಗೆ ಕೊಳ್ಳುವ ಆರ್ಡರ್) ಒತ್ತಿದರೆ ಮೂರೂ ಬೆಲೆಗಳನ್ನು ಬಾಚಿಕೊಂಡು ಒಟ್ಟು 177.40 ಡಾಲರ್ ಆಗುತ್ತದೆ, ಅಂದರೆ ಸರಾಸರಿ 88.7 ಸೆಂಟ್. ಗೆದ್ದರೆ ಲಾಭ 22.60 ಡಾಲರ್ ಮಾತ್ರ. ತಪ್ಪಾಯಿತು ಅಂತ ತಕ್ಷಣ ಮಾರಲು ಹೋದರೆ ಕೊಳ್ಳುವವರ ಕಡೆ 71ಕ್ಕೆ 50, 64ಕ್ಕೆ 100, 50ಕ್ಕೆ 50. ಕೈಗೆ ಬರುವುದು 124.50. ಒಂದು ವೋಟೂ ಬೀಳುವ ಮುಂಚೆ 52.90 ಡಾಲರ್ ಹೋಯಿತು, ಫೀ ಬೇರೆ. ಹಾಗಾಗಿ ಬೆಲೆಯ ಮಿತಿಯನ್ನು ನೀವೇ ಗೊತ್ತುಮಾಡುವ ಲಿಮಿಟ್ ಆರ್ಡರ್ ಬಿಟ್ಟು ಬೇರೇನೂ ಹಾಕಬೇಡಿ. ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ಐದು ಸೆಂಟಿಗಿಂತ ಹೆಚ್ಚು ಅಂತರವಿದ್ದರೆ ಆ ಕ್ಷೇತ್ರದ ತಂಟೆಗೇ ಹೋಗದಿರುವುದು ಒಳ್ಳೆಯದು.

ಇದಕ್ಕಿಂತ ಕೆಟ್ಟದ್ದು ಎಣಿಕೆಯ ರಾತ್ರಿ. 2024ರ ನವೆಂಬರ್ 5ರಂದು ಕ್ಯಾಲಿಫೋರ್ನಿಯಾದ 13ನೇ ಕ್ಷೇತ್ರದಲ್ಲಿ ರಿಪಬ್ಲಿಕನ್ ಜಾನ್ ಡುವಾರ್ಟೆ ಮುಂದಿದ್ದರು. ಮುಂದೆಯೂ ವಾರಗಟ್ಟಲೆ ಮುಂದಿದ್ದರು. ಡಿಸೆಂಬರ್ ಮೊದಲ ವಾರ ಇತ್ಯರ್ಥವಾದಾಗ ಡೆಮಾಕ್ರಟ್ ಆ್ಯಡಮ್ ಗ್ರೇ 187 ವೋಟುಗಳಿಂದ ಗೆದ್ದಿದ್ದರು. ಆ ಮುನ್ನಡೆ ನೋಡಿ ದುಬಾರಿ ಬೆಲೆಗೆ ಡುವಾರ್ಟೆ ಪರ ಕೊಂಡವರಿಗೆ ಸಿಕ್ಕಿದ್ದು ಸೊನ್ನೆ. ಇದಕ್ಕೆ ಕಾರಣ ಗುಟ್ಟೇನಲ್ಲ. ಅಲ್ಲಿ ಚುನಾವಣೆಯ ದಿನದೊಳಗೆ ಅಂಚೆ ಮುದ್ರೆ ಬಿದ್ದ ಮತಪತ್ರ ಏಳು ದಿನ ತಡವಾಗಿ ಬಂದರೂ ಎಣಿಕೆಗೆ ಸೇರುತ್ತಿತ್ತು. ಸಹಿ ಹೊಂದದಿದ್ದರೆ ಮತದಾರರಿಗೆ ಸರಿಪಡಿಸಲು ಅವಕಾಶವೂ ಇತ್ತು. ತಡವಾಗಿ ಎಣಿಸುವ ಮತಗಳು ಆ ರಾಜ್ಯದಲ್ಲಿ ಹೆಚ್ಚಾಗಿ ಡೆಮಾಕ್ರಟರ ಕಡೆ ವಾಲುತ್ತವೆ. ನೋಡಬೇಕಾದ್ದು ಮುನ್ನಡೆಯನ್ನಲ್ಲ, ಯಾವ ಕೌಂಟಿಯಲ್ಲಿ (ನಮ್ಮ ಜಿಲ್ಲೆಯ ಥರ) ಇನ್ನೆಷ್ಟು ಮತ ಬಾಕಿ ಇದೆ ಎಂಬುದನ್ನು.

ಮೇಯ್ನ್ ರಾಜ್ಯದ 2ನೇ ಕ್ಷೇತ್ರದ್ದು ಇನ್ನೊಂದು ಥರ. ಅಲ್ಲಿ ಮತದಾರರು ಅಭ್ಯರ್ಥಿಗಳಿಗೆ ಒಂದು, ಎರಡು ಎಂದು ಪ್ರಾಶಸ್ತ್ಯ ಗುರುತಿಸುತ್ತಾರೆ. 2018ರಲ್ಲಿ ಮೊದಲ ಸುತ್ತಿನಲ್ಲಿ ಬ್ರೂಸ್ ಪಾಲಿಕ್ವಿನ್ ಮುಂದಿದ್ದರು. ಎರಡನೇ ಪ್ರಾಶಸ್ತ್ಯದ ಮತಗಳು ಸೇರಿದ ಮೇಲೆ ಗೆದ್ದವರು ಜೇರೆಡ್ ಗೋಲ್ಡನ್.

ಇನ್ನು ಕಾಂಟ್ರಾಕ್ಟಿನ ನಿಯಮ. ಶೀರ್ಷಿಕೆಯಲ್ಲಿ 'ಯಾರು ಗೆಲ್ಲುತ್ತಾರೆ' ಅಂತಷ್ಟೇ ಇರುತ್ತದೆ, ಒಳಗಿನ ಪಠ್ಯ ಬೇರೆಯೇ ಹೇಳಬಹುದು. ನಾರ್ತ್ ಕ್ಯಾರೊಲೈನಾದ 9ನೇ ಕ್ಷೇತ್ರದಲ್ಲಿ 2018ರಲ್ಲಿ ಮಾರ್ಕ್ ಹ್ಯಾರಿಸ್ 905 ವೋಟು ಮುಂದಿದ್ದರೂ ಅಂಚೆ ಮತಗಳ ಅಕ್ರಮದಿಂದಾಗಿ ರಾಜ್ಯದ ಚುನಾವಣಾ ಮಂಡಳಿ ಫಲಿತಾಂಶ ದೃಢೀಕರಿಸಲಿಲ್ಲ. ಮತ್ತೆ ಚುನಾವಣೆ ನಡೆದದ್ದು 2019ರ ಸೆಪ್ಟೆಂಬರ್ 10ಕ್ಕೆ. ಇಂಥ ಹೊತ್ತಿನಲ್ಲಿ ಕಾಂಟ್ರಾಕ್ಟ್ ಇತ್ಯರ್ಥವಾಗುವುದು ಸುದ್ದಿಸಂಸ್ಥೆಯ ಘೋಷಣೆಗೋ, ರಾಜ್ಯದ ದೃಢೀಕರಣಕ್ಕೋ, ಪ್ರಮಾಣವಚನಕ್ಕೋ? ಕೊಳ್ಳುವ ಮುಂಚೆ ಓದಿಕೊಳ್ಳಿ. ಹಣ ಎಷ್ಟು ದಿನ ಸಿಕ್ಕಿಹಾಕಿಕೊಳ್ಳಬಹುದು ಎಂಬುದನ್ನೂ ಯೋಚಿಸಿ: ನ್ಯೂಯಾರ್ಕಿನ 22ನೇ ಕ್ಷೇತ್ರದ 2020ರ ಫಲಿತಾಂಶ, 109 ವೋಟಿನ ಅಂತರದ್ದು, ತೀರ್ಮಾನವಾಗಿದ್ದು 2021ರ ಫೆಬ್ರವರಿಯಲ್ಲಿ.

ಭಾರತದಲ್ಲಿ ಕೂತು ಓದುತ್ತಿರುವವರು ಇದರಿಂದ ಪೂರ್ತಿ ದೂರವಿರಿ. 2025ರ ಆಗಸ್ಟ್‌ನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣವಿಟ್ಟು ಆಡುವ ಆನ್‌ಲೈನ್ ಆಟ, ಅದರ ಜಾಹೀರಾತು, ಅದಕ್ಕೆ ಬ್ಯಾಂಕುಗಳ ಹಣ ವರ್ಗಾವಣೆ ಮೂರನ್ನೂ ನಿಷೇಧಿಸಿದೆ. ಕ್ರಿಪ್ಟೊ ಮೂಲಕ ಹಾಕಿಕೊಡುತ್ತೇವೆ ಅನ್ನುವವರನ್ನು ನಂಬಿ ಕಳಿಸಿದ ಹಣ ಅಲ್ಲೇ ಉಳಿದರೆ ಅದನ್ನು ವಾಪಸು ತರಿಸುವುದು ತೀರಾ ಕಷ್ಟ.