ಅಣ್ಣನ ಹಳೇ ಲ್ಯಾಪ್‌ಟಾಪ್‌ನಲ್ಲಿ ಮೂರು ಸಿಸ್ಟಂ ನೋಡಿದೆ

ಅಣ್ಣನದು 2011ರ ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್. ಹಾರ್ಡ್‌ಡಿಸ್ಕ್ ಕೆಟ್ಟಾಗ ರಿಪೇರಿ ಅಂಗಡಿಯವರು ಹೊಸ ಡಿಸ್ಕ್‌ಗೆ ವಿಂಡೋಸ್ 7 ಅಲ್ಟಿಮೇಟ್‌ನ ಕ್ರ್ಯಾಕ್ ಕಾಪಿ ಹಾಕಿಕೊಟ್ಟರು. ಮಗುಚಿ ನೋಡಿದರೆ, ಅಡಿಯಲ್ಲಿ ಹೋಮ್ ಬೇಸಿಕ್‌ನ ಅಸಲಿ ಸ್ಟಿಕ್ಕರ್ ಇನ್ನೂ ಅಂಟಿಕೊಂಡಿತ್ತು! ದುಡ್ಡು ಕೊಟ್ಟು ಕೊಂಡ ಲೈಸೆನ್ಸ್ ಇರುವವರಿಗೂ ಕಳ್ಳಪ್ರತಿ ಹಾಕಿದ್ದು ನನಗೆ ಈಗಲೂ ಬೇಸರ.

ಆ ಕಾಪಿಯನ್ನು ನೆಟ್ ಕಿತ್ತು ಜಾಲಾಡಿದೆ. ಅಪ್‌ಡೇಟ್ ಸೇವೆಯನ್ನೇ ಆಫ್ ಮಾಡಿಟ್ಟಿದ್ದರು. ಆಕ್ಟಿವೇಟರ್ (ಕಳ್ಳಪ್ರತಿಯನ್ನು ಅಸಲಿಯೆಂದು ನಂಬಿಸುವ ಪ್ರೋಗ್ರಾಂ) ಇದ್ದ ಫೋಲ್ಡರನ್ನು ಮುಟ್ಟಬೇಡವೆಂದು ಆಂಟಿವೈರಸ್‌ಗೆ ಹೇಳಿಟ್ಟಿತ್ತು. ಅಲ್ಲಿ ಬೇರೇನು ಬಂದು ಕೂತರೂ ಗೊತ್ತಾಗುವಂತಿಲ್ಲ. ಅಪ್‌ಡೇಟ್ ಪಟ್ಟಿ 2011ರ ಸರ್ವಿಸ್ ಪ್ಯಾಕ್ 1ಕ್ಕೇ ನಿಂತಿತ್ತು. ಅಂದರೆ 2017ರ ಮೇನಲ್ಲಿ ವನ್ನಾಕ್ರೈ (ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್) ನುಗ್ಗಿದ ಕಿಂಡಿ ಇದರಲ್ಲಿ ಇನ್ನೂ ತೆರೆದೇ ಇತ್ತು. ಅದನ್ನು ಮುಚ್ಚುವ ಪ್ಯಾಚನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ, ಮಾರ್ಚ್‌ನಲ್ಲೇ ಕೊಟ್ಟಿತ್ತು. ಆ ವೈರಸ್‌ಗೆ ಯಾರೂ ಏನನ್ನೂ ಕ್ಲಿಕ್ ಮಾಡಬೇಕಿರಲಿಲ್ಲ, ಒಂದೇ ನೆಟ್‌ವರ್ಕ್‌ನಲ್ಲಿದ್ದರೆ ಸಾಕಿತ್ತು. ಅಣ್ಣನ ಮನೆಯ ವೈಫೈನಲ್ಲೇ ಅತ್ತಿಗೆಯ ಕಂಪ್ಯೂಟರೂ ಇದೆ, ಅದರಲ್ಲಿ ಮಕ್ಕಳ ಅಷ್ಟೂ ಫೋಟೋ.

ಸ್ಟಿಕ್ಕರ್‌ನ ಅಸಲಿ 7 ಹಾಕಿದ್ದರೆ? ಆಕ್ಟಿವೇಟರ್ ಕಾಟ ತಪ್ಪುತ್ತಿತ್ತು, ವಯಸ್ಸು ತಪ್ಪುವುದಿಲ್ಲ. 2020ರ ಜನವರಿ 14ಕ್ಕೆ ಅದರ ಬೆಂಬಲ, ಅಂದರೆ ಭದ್ರತಾ ಅಪ್‌ಡೇಟ್, ಮುಗಿದಿದೆ. ಕ್ರೋಮ್ ಕೂಡ 109ನೇ ಆವೃತ್ತಿಗೇ ನಿಂತುಬಿಡುತ್ತದೆ. ಅದರಲ್ಲಿ ಬ್ಯಾಂಕ್ ಪಾಸ್‌ವರ್ಡ್ ಒತ್ತಲು ನಾನಂತೂ ಬಿಡುವುದಿಲ್ಲ.

ಮೈಕ್ರೋಸಾಫ್ಟ್ ತಾಣದಿಂದಲೇ ಇಳಿಸಿ ವಿಂಡೋಸ್ 10 ಹಾಕಿದೆ. ಈ ಹಳೇ ಲ್ಯಾಪ್‌ಟಾಪ್‌ನಲ್ಲಿ ತೆವಳಿತು. ಅದರ ಮಾಮೂಲಿ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದರಿಂದ ಹೆಚ್ಚು ದಿನ ಇಡಲಿಲ್ಲ.

ಕೊನೆಗೆ ಹಾಕಿದ್ದು ವಿಂಡೋಸ್ ಬದಲಿಗೆ ಬಳಸುವ ಲಿನಕ್ಸ್ ಮಿಂಟ್ 22, ಅದರ ಹಗುರ ರೂಪ ಎಕ್ಸ್‌ಎಫ್‌ಸಿಇ. ಕಾಸಿಲ್ಲ, ಕ್ರ್ಯಾಕ್ ಬೇಕಿಲ್ಲ, 2029ರವರೆಗೆ ಅಪ್‌ಡೇಟ್ ಬರುತ್ತದೆ. ಇಳಿಸಿದ ಫೈಲಿನ ಎಸ್‌ಎಚ್‌ಎ256 ಮೊತ್ತವನ್ನು (ಫೈಲಿನ ಬೆರಳಚ್ಚು ಇದ್ದಂತೆ) ಅವರ ತಾಣದಲ್ಲಿರುವುದರ ಜೊತೆ ತಾಳೆ ನೋಡಿದೆ, ಅಕ್ಷರಕ್ಕಕ್ಷರ ಕೂಡಿಬಂತು. ಅಂಗಡಿಯ ಪೆನ್‌ಡ್ರೈವ್ ಕಾಪಿಗೆ ಹೀಗೆ ತಾಳೆ ನೋಡಲು ಏನಿದೆ? ಕಗಪ ಕೀಲಿಮಣೆ ವಿನ್ಯಾಸ ಅದರಲ್ಲೇ ಇದೆ, ಅಣ್ಣ ಮೊದಲ ದಿನವೇ ಕನ್ನಡ ಕುಟ್ಟಿದ.

ತೊಡಕು ಒಂದೇ: ಹಳೇ ನುಡಿ ಫಾಂಟ್‌ನ ಲಗ್ನಪತ್ರಿಕೆ ಫೈಲುಗಳು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ, ತೆರೆದರೆ ಗಜಿಬಿಜಿ. ಅವನ್ನು ಪರಿವರ್ತಕದಲ್ಲಿ ಹಾಯಿಸಿ, ಒತ್ತಕ್ಷರ ಒಂದೊಂದಾಗಿ ತಿದ್ದುತ್ತಾ ಕೂತಿದ್ದೇವೆ. ಅರ್ಧ ಮುಗಿದಿದೆ.