ಕ್ರೇಟ್ ಟ್ರೈನಿಂಗ್‌ಗೆ ಅಂತ ನಾಯಿಮರಿಯನ್ನು ಬೇರೆಯವರ ಶೆಡ್‌ಗೆ ಕಳಿಸಬೇಡಿ

ಮೈಸೂರಿನಲ್ಲಿ ಹೊಸದಾಗಿ ಮರಿ ದತ್ತು ತಗೊಂಡವರು ದಯವಿಟ್ಟು ಓದಿ. "15 ದಿನ ನಮ್ಮ ಹತ್ರ ಬಿಡಿ, ಕ್ರೇಟ್‌ನಲ್ಲಿ ಮಲಗೋದು, ಹೊರಗೆ ಹೋಗಿ ಉಚ್ಚೆ ಮಾಡೋದು ಎಲ್ಲಾ ಕಲಿಸಿ ಕೊಡ್ತೀವಿ" ಅಂತ ಯಾರಾದರೂ ಹೇಳಿದರೆ ಕಳಿಸಲೇಬೇಡಿ. (ಕ್ರೇಟ್ ಅಂದರೆ ನಾಯಿ ಮಲಗುವ, ಬಾಗಿಲಿರುವ ಪಂಜರದಂಥ ಪೆಟ್ಟಿಗೆ.) ನಮ್ಮ ಕೆಂಪಿ ಅಲ್ಲಿ ಕಲಿತು ಬಂದದ್ದು ಒಂದೇ, ಮಲಗುವ ಜಾಗದಲ್ಲೇ ಹೇಸಿಗೆ ಮಾಡಿಕೊಳ್ಳುವುದು.

ಕೆಂಪಿ ಬೀದಿನಾಯಿಯ ಮರಿ. ನಮ್ಮ ಮನೆಗೆ ಬಂದಾಗ ಎರಡು ತಿಂಗಳು. ರಾತ್ರಿ ಹೊತ್ತು ಅಳುತ್ತಿದ್ದಳು, ಕುವೆಂಪುನಗರದಲ್ಲಿ ನಮ್ಮದು ಗೋಡೆಗೆ ಗೋಡೆ ತಾಗಿದ ಬಾಡಿಗೆ ಮನೆ, ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಪರಿಚಯದವರೊಬ್ಬರು ಒಬ್ಬ ಟ್ರೈನರ್ ನಂಬರ್ ಕೊಟ್ಟರು. ಜಾಗ ರಿಂಗ್ ರೋಡ್ ಆಚೆ. ಮುಂದೆ ಚೆಂದದ ಹುಲ್ಲು, ಆಟದ ಸಾಮಾನು, ಅಷ್ಟನ್ನು ಮಾತ್ರ ತೋರಿಸಿದರು. ಪೂರ್ತಿ ದುಡ್ಡು ಮೊದಲೇ ತಗೊಂಡರು, ಆದರೆ ಲಸಿಕೆ ಕಾರ್ಡ್ ಬೇಕು ಅನ್ನಲೇ ಇಲ್ಲ. ಇದು ಬಹಳ ದೊಡ್ಡ ವಿಷಯ. ಮರಿಗಳಿಗೆ ಆರರಿಂದ ಎಂಟು ವಾರಕ್ಕೆ ಲಸಿಕೆ ಶುರುವಾಗಿ, ಮೂರು ನಾಲ್ಕು ವಾರಕ್ಕೊಮ್ಮೆ ಹಾಕಿಸುತ್ತಾ 16 ವಾರದವರೆಗೂ ಹೋಗುತ್ತದೆ. ಅದು ಮುಗಿಯುವ ಮುಂಚೆ ಗೊತ್ತಿಲ್ಲದ ನಾಯಿಗಳ ಜೊತೆ ಬಿಟ್ಟರೆ ಪಾರ್ವೊ ಅನ್ನುವ ವೈರಸ್ ರೋಗ ಬರಬಹುದು, ಬಂದರೆ ಮರಿ ಉಳಿಯುವುದೇ ಕಷ್ಟ.

ಬಂದು ನೋಡುತ್ತೇವೆ ಅಂದಾಗಲೆಲ್ಲ "ಬೇಡ ಮೇಡಂ, ನಿಮ್ಮ ಮುಖ ನೋಡಿದ್ರೆ ಕಲಿತದ್ದೆಲ್ಲ ಮರೆತುಬಿಡುತ್ತೆ" ಅನ್ನುತ್ತಿದ್ದರು. ಕಳಿಸುತ್ತಿದ್ದ ವಿಡಿಯೊಗಳಲ್ಲಿ ಬರೀ ಅದೇ ಹುಲ್ಲು. ನಮ್ಮತ್ತೆಗೆ ಇದು ಸರಿ ಕಾಣಲಿಲ್ಲ. "ಅಲ್ಲಮ್ಮ, ಮಗೂನ ನೋಡೋಕೆ ಬರಬೇಡಿ ಅನ್ನೋ ಸ್ಕೂಲು ಯಾವುದು?" ಅಂದರು. ಹೇಳದೆ ಕೇಳದೆ ಹೋದೆವು.

ಹಿಂದುಗಡೆ ಶೀಟ್ ಹಾಕಿದ ಶೆಡ್. ಏಪ್ರಿಲ್ ಬಿಸಿಲು, ಒಳಗೆ ಕಾಲಿಟ್ಟರೆ ಉಸಿರು ಕಟ್ಟುವ ಧಗೆ, ತಂತಿಯ ಕ್ರೇಟ್‌ಗಳು ಒಂದರ ಮೇಲೊಂದು. ಕೆಂಪಿ ಇದ್ದ ಕ್ರೇಟ್‌ನಲ್ಲಿ ಅವಳಿಗೆ ತಲೆ ಎತ್ತಿ ನಿಲ್ಲಲೂ ಆಗುತ್ತಿರಲಿಲ್ಲ. ನೀರಿನ ಬಟ್ಟಲಿಲ್ಲ. ಕೆಳಗಿನ ಟ್ರೇ ಉಚ್ಚೆಯಲ್ಲಿ ನೆನೆದಿತ್ತು. ಕುತ್ತಿಗೆಯಲ್ಲಿ ಬೆಲ್ಟ್ ಹಾಗೇ ಇತ್ತು, ಕ್ರೇಟ್ ಒಳಗೆ ಅದು ತಂತಿಗೆ ಸಿಕ್ಕಿಕೊಂಡರೆ ನಾಯಿ ಉಸಿರುಗಟ್ಟಿ ಸಾಯಬಹುದು. ಕೇಳಿದರೆ "ಅಳ್ತಾ ಇದ್ದಾಗ ಬಾಗಿಲು ತೆಗೆದ್ರೆ ತಲೆ ಮೇಲೆ ಕೂರುತ್ತೆ" ಅನ್ನುವ ಉತ್ತರ.

ಅಲ್ಲಿಂದ ನೇರವಾಗಿ ಪಶುವೈದ್ಯರ ಹತ್ತಿರ ಹೋದೆವು. ಮೂಗಿನ ಮೇಲಿನ ಚರ್ಮ ತಂತಿಗೆ ಉಜ್ಜಿ ಉಜ್ಜಿ ಕಿತ್ತುಹೋಗಿತ್ತು, ಟ್ರೇ ಕೆರೆದು ಮುಂಗಾಲಿನ ಉಗುರು ಮುರಿದಿತ್ತು, ಉಚ್ಚೆಯಲ್ಲೇ ಮಲಗಿ ಹೊಟ್ಟೆಯ ಚರ್ಮ ಕೆಂಪಗೆ ಬೆಂದಂತಾಗಿತ್ತು. ಗಾಯಗಳು ವಾಸಿಯಾದವು. ಆದರೆ ಡಾಕ್ಟರ್ ಹೇಳಿದ ಇನ್ನೊಂದು ಮಾತು ಎಲ್ಲರಿಗೂ ಗೊತ್ತಿರಬೇಕು. ನಾಯಿಮರಿ ತಾನು ಮಲಗುವ ಜಾಗ ಗಲೀಜು ಮಾಡಿಕೊಳ್ಳಲು ಸಹಜವಾಗಿಯೇ ಇಷ್ಟಪಡುವುದಿಲ್ಲ, ಕ್ರೇಟ್ ಟ್ರೈನಿಂಗ್ ನಿಂತಿರುವುದೇ ಆ ಗುಣದ ಮೇಲೆ. ಎರಡು ತಿಂಗಳ ಮರಿ ಎರಡು ಮೂರು ಗಂಟೆಗಿಂತ ಜಾಸ್ತಿ ತಡೆದುಕೊಳ್ಳಲಾರದು. ದಿನವಿಡೀ ಕೂಡಿಹಾಕಿದರೆ ಬೇರೆ ದಾರಿ ಇಲ್ಲದೆ ಅಲ್ಲೇ ಮಾಡಿಕೊಳ್ಳುತ್ತದೆ, ಹಾಗೇ ಅಭ್ಯಾಸವಾಗಿ ಆ ಗುಣವೇ ಹೊರಟುಹೋಗುತ್ತದೆ. ಅದನ್ನು ವಾಪಸ್ ತರುವುದಿದೆಯಲ್ಲ, ಹೊಸದಾಗಿ ಕಲಿಸುವುದಕ್ಕಿಂತ ಎಷ್ಟೋ ಕಷ್ಟ.

ಚಿಲಕದ ಸದ್ದು ಕೇಳಿದರೆ ಈಗಲೂ ಕೆಂಪಿ ಮಂಚದ ಕೆಳಗೆ ಓಡುತ್ತಾಳೆ. ಅದಕ್ಕೇ ಮನೆಯ ಕ್ರೇಟ್‌ನ ಬಾಗಿಲನ್ನೇ ಕಳಚಿಟ್ಟಿದ್ದೇವೆ. ಅವಳು ಆರಾಮಾಗಿ ನಿಂತು, ತಿರುಗಿ, ಕಾಲು ಚಾಚಿ ಮಲಗುವಷ್ಟು ಜಾಗ ಇದೆ. ನಾವೆಲ್ಲ ಕೂರುವ ಹಾಲ್‌ನಲ್ಲೇ ಅದನ್ನು ಇಟ್ಟು, ಮೂರು ಕಡೆ ಹಳೇ ಕಾಟನ್ ಸೀರೆ ಇಳಿಬಿಟ್ಟಿದ್ದೇವೆ, ಗಾಳಿಯೂ ಆಡುತ್ತದೆ. ಊಟ ಅದರೊಳಗೇ ಕೊಡುತ್ತೇವೆ. ಎದ್ದ ತಕ್ಷಣ, ತಿಂದ ಮೇಲೆ, ಆಡಿದ ಮೇಲೆ ಹೊರಗೆ ಕರೆದುಕೊಂಡು ಹೋಗುತ್ತೇವೆ. ರಾತ್ರಿ ಕ್ರೇಟ್ ನಮ್ಮ ಮಂಚದ ಪಕ್ಕ ಬರುತ್ತದೆ. ಅತ್ತರೆ ಎದ್ದು ನೋಡುತ್ತೇವೆ, ಅಷ್ಟು ಚಿಕ್ಕ ಮರಿ ಸುಮ್ನೆ ಅಳುವುದಿಲ್ಲ ಅಲ್ವಾ? ಈಗ ಮಧ್ಯಾಹ್ನ ತಾನಾಗಿ ಹೋಗಿ ಒಳಗೆ ಮಲಗುತ್ತಾಳೆ. ಹಾಸಿಗೆ ಒದ್ದೆಯಾಗುವುದು ಮಾತ್ರ ಪೂರ್ತಿ ನಿಂತಿಲ್ಲ.

ದುಡ್ಡು ವಾಪಸ್ ಬರಲಿಲ್ಲ. ಫೋಟೊ, ವಾಟ್ಸಾಪ್ ಮಾತು, ಡಾಕ್ಟರ್ ಚೀಟಿ ಎಲ್ಲ ಸೇರಿಸಿ ಪೊಲೀಸರಿಗೆ ದೂರು ಕೊಟ್ಟಿದ್ದೇವೆ. ಪ್ರಾಣಿ ಸರಿಯಾಗಿ ಅಲುಗಾಡಲೂ ಆಗದಂಥ ಪಂಜರದಲ್ಲಿ ಇಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ.

ಟ್ರೈನರ್ ಬೇಕೇ ಬೇಕು ಅಂದರೆ ಮನೆಗೆ ಬಂದು ನಿಮ್ಮ ಎದುರಿಗೇ ಕಲಿಸುವವರನ್ನು ಹುಡುಕಿ. ಈಗಾಗಲೇ ಮರಿಯನ್ನು ಇಂಥ ಕಡೆ ಬಿಟ್ಟಿದ್ದರೆ ಫೋನ್ ಮಾಡದೆ ಇವತ್ತೇ ಹೋಗಿ, ನಾಯಿಗಳು ಮಲಗುವ ಜಾಗ ತೋರಿಸಿ ಅನ್ನಿ. ತೋರಿಸಲ್ಲ ಅಂದರೆ ಮರಿಯನ್ನು ಕರೆದುಕೊಂಡು ಬನ್ನಿ, ಹೊಟ್ಟೆ, ಪಾದ, ಮೂಗು ನೋಡಿ, ಲಸಿಕೆ ಕಾರ್ಡ್ ತಗೊಂಡು ಅವತ್ತೇ ಡಾಕ್ಟರ್‌ಗೆ ತೋರಿಸಿ.