"ಪ್ಲಗ್ ಅಂಡ್ ಪ್ಲೇ" ಹಾರ್ನೆಸ್ ನಂಬಿ ಎಂಜಿನ್ ಸ್ವಾಪ್ ಮಾಡೋರೇ, ಟಿಪಿಎಸ್ ಪಿನ್ ಮೊದಲು ನೋಡ್ಕೊಳ್ಳಿ

ಎಂಜಿನ್ ಸ್ವಾಪ್‌ಗೆ, ಅಂದ್ರೆ ಗಾಡಿಗೆ ಬೇರೆ ಎಂಜಿನ್ ಕೂರಿಸೋಕೆ, ರೆಡಿಮೇಡ್ ಅಡಾಪ್ಟರ್ ಹಾರ್ನೆಸ್ (ಜೋಡಿಸಿಟ್ಟ ವೈರ್ ಕಟ್ಟು) ತರಿಸ್ತಾ ಇದ್ದೀರಾ? ಹಾಗಾದ್ರೆ ಇದನ್ನ ಓದಿ. "ಸಿಕ್ಕಿಸಿ, ಸ್ಟಾರ್ಟ್ ಮಾಡಿ, ಅಷ್ಟೇ ಸರ್" ಅಂತ ಹೇಳಿ ನನಗೆ ಮಾರಿದ ಹಾರ್ನೆಸ್‌ನಲ್ಲಿ ಥ್ರಾಟಲ್ ಪೊಸಿಶನ್ ಸೆನ್ಸರ್ (ಟಿಪಿಎಸ್) ವೈರ್ ಅದಲು ಬದಲು. ಥ್ರಾಟಲ್ ಎಷ್ಟು ತೆರೆದಿದೆ ಅಂತ ಹೇಳೋ ಸೆನ್ಸರ್ ಇದು: ಒಂದು ವೈರ್ ಐದು ವೋಲ್ಟ್, ಒಂದು ಗ್ರೌಂಡ್, ಒಂದು ಸಿಗ್ನಲ್. ಇರೋದೇ ಮೂರು ವೈರ್ ಸ್ವಾಮಿ, ಅದರಲ್ಲಿ ಎರಡು ತಪ್ಪು!

ಸ್ಟಾರ್ಟರ್ ಚೆನ್ನಾಗಿ ತಿರುಗುತ್ತೆ, ಸ್ಪಾರ್ಕ್ ಇದೆ, ಫ್ಯೂಯಲ್ ಪಂಪ್ ಓಡುತ್ತೆ, ಎಂಜಿನ್ ಮಾತ್ರ ಹಿಡಿಯಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿದ್ರೆ ಒಣ ಒಣ. ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್‌ಗೆ ಪಲ್ಸೇ ಇಲ್ಲ. ಮಾರಿದವರನ್ನ ಕೇಳಿದ್ರೆ "ಪಂಪ್ ಪ್ರೆಶರ್ ನೋಡಿಸಿ ಸರ್." ಪ್ರೆಶರ್ ಸರಿ ಇದೆ. "ಹಂಗಾದ್ರೆ ಇಂಜೆಕ್ಟರ್ ಜಾಮ್ ಆಗಿರುತ್ತೆ." ಪಲ್ಸೇ ಇಲ್ಲ ಅಂತಿದ್ದೀನಿ, ಜಾಮ್ ಎಲ್ಲಿಂದ ಬಂತು? ಕೊನೆಗೆ ಬಂದ ಉತ್ತರ: "ಎರರ್ ಕೋಡ್ ಏನಾದ್ರೂ ಬಂದಿದೆಯಾ? ಇಲ್ಲ ಅಲ್ವಾ? ವೈರಿಂಗ್ ಪಕ್ಕಾ ಇದೆ. ನಿಮ್ಮ ಇಸಿಯು ಹೋಗಿದೆ ಸರ್." ಇಸಿಯು ಅಂದ್ರೆ ಎಂಜಿನ್ ನಡೆಸೋ ಕಂಪ್ಯೂಟರ್.

ಈ ಕೋಡ್ ಮಾತಿಗೇ ಜನ ಬೀಳೋದು. ಸರಿಯಾದ ವೈರಿಂಗ್‌ನಲ್ಲಿ ಥ್ರಾಟಲ್ ಮುಚ್ಚಿದಾಗ ಸಿಗ್ನಲ್ ಸುಮಾರು 0.5 ವೋಲ್ಟ್, ಪೂರ್ತಿ ತೆರೆದಾಗ ಸುಮಾರು 4.5. ಐದು ವೋಲ್ಟ್ ಮತ್ತು ಗ್ರೌಂಡ್ ಅದಲಾದ್ರೆ ಇದೇ ಉಲ್ಟಾ: ಮುಚ್ಚಿದಾಗ 4.5. ಅದೂ ಇಸಿಯು ಒಪ್ಪೋ ಮಿತಿಯೊಳಗೇ ಇರೋದ್ರಿಂದ ಸಿಗ್ನಲ್ ತೀರಾ ಕಮ್ಮಿ, ತೀರಾ ಹೆಚ್ಚು ಅಂತ ಹೇಳೋ ಪಿ0122, ಪಿ0123 ಕೋಡ್ ಎರಡೂ ಬರದೇ ಇರಬಹುದು. ಆದ್ರೆ ಕ್ರ್ಯಾಂಕ್ ಮಾಡುವಾಗ ಇಸಿಯುಗೆ ಪೆಡಲ್ ಪೂರ್ತಿ ತುಳಿದಂಗೆ ಕಾಣುತ್ತೆ. ಎಂಜಿನ್ ಫ್ಲಡ್ ಆಗಿದೆ (ಒಳಗೆ ಪೆಟ್ರೋಲ್ ಜಾಸ್ತಿ ತುಂಬಿದೆ) ಅಂದ್ಕೊಂಡು ಬಹಳಷ್ಟು ಇಸಿಯುಗಳು ಆಗ ಇಂಜೆಕ್ಟರ್ ಬಂದ್ ಮಾಡ್ತವೆ. ಇಸಿಯು ಹೋಗಿಲ್ಲ ರೀ, ಹೇಳಿದ್ದನ್ನ ಸರಿಯಾಗೇ ಮಾಡ್ತಿದೆ!

ಪೆಡಲ್ ಪೂರ್ತಿ ಒತ್ತಿ ಕ್ರ್ಯಾಂಕ್ ಮಾಡಿದ್ರೆ ತಟ್ಟನೆ ಹಿಡೀತು, ಹಿಡಿದಿದ್ದೇ ಕಿರುಚಿಕೊಂಡು ಮೇಲೆ ಹೋಯ್ತು. ಕೀ ಆಫ್. ಮಲ್ಟಿಮೀಟರ್‌ನ ಸೂಜಿ ಪ್ರೋಬನ್ನ ಕನೆಕ್ಟರ್ ಹಿಂದಿನಿಂದ ಸಿಗ್ನಲ್ ವೈರ್‌ಗೆ ತಾಗಿಸಿ, ಕೀ ಆನ್ ಮಾಡಿ ಪೆಡಲ್ ನಿಧಾನಕ್ಕೆ ಒತ್ತಿದ್ರೆ 4.5, 3.8, 2.6... ಏರಬೇಕಾದ್ದು ಇಳೀತಾ ಇದೆ. ಮೈಯೆಲ್ಲ ಉರಿದುಹೋಯ್ತು.

ಕಾರಣ ಗೊತ್ತಾ? ಪಿನ್ ಚಿತ್ರವನ್ನ ಕನೆಕ್ಟರ್ ಮುಂಭಾಗದಿಂದ ನೋಡಿ, ವೈರ್ ಹಾಕಿರೋದು ಹಿಂಭಾಗದಿಂದ. ಕನ್ನಡಿಯಲ್ಲಿ ನೋಡಿದಂಗೆ 1 ಹೋಗಿ 3, 3 ಬಂದು 1. ನಡುವಿನ ಸಿಗ್ನಲ್ ಮಾತ್ರ ಅದೃಷ್ಟಕ್ಕೆ ಜಾಗದಲ್ಲೇ ಇತ್ತು. ಅದೂ ಗ್ರೌಂಡ್ ಜೊತೆ ಅದಲಾಗಿದ್ರೆ ಪೆಡಲ್ ಒತ್ತಿದಷ್ಟೂ ಐದು ವೋಲ್ಟ್‌ಗೂ ಗ್ರೌಂಡ್‌ಗೂ ನಡುವೆ ಸೆನ್ಸರ್ ಒಳಗಿನ ರೆಸಿಸ್ಟೆನ್ಸ್ ಟ್ರ್ಯಾಕ್ ಕಮ್ಮಿಯಾಗ್ತಾ ಹೋಗಿ ಸೆನ್ಸರ್ ಸುಟ್ಟುಹೋಗಬಹುದಿತ್ತು. ಐದು ವೋಲ್ಟ್ ಕುಸಿದ್ರೆ ಅದೇ ಸಪ್ಲೈ ಹಂಚಿಕೊಂಡಿರೋ ಮ್ಯಾಪ್ ಸೆನ್ಸರ್ (ಇನ್‌ಟೇಕ್ ಒತ್ತಡ ಅಳೆಯೋದು) ರೀಡಿಂಗೂ ಕೆಡುತ್ತೆ.

ಇಷ್ಟಕ್ಕೇ ಮುಗೀಲಿಲ್ಲ. ಟೇಪ್ ಬಿಚ್ಚಿದ್ರೆ ಸೆನ್ಸರ್ ಗ್ರೌಂಡ್ ಇಸಿಯುಗೆ ವಾಪಸ್ ಹೋಗೇ ಇಲ್ಲ, ಲಗ್ ಹಾಕಿ ಬಾಡಿ ಬೋಲ್ಟ್‌ಗೆ ಕೊಟ್ಟಿದ್ದಾರೆ. ಫ್ಯಾನ್, ಹೆಡ್‌ಲೈಟ್ ಆನ್ ಆದಾಗೆಲ್ಲ ರೀಡಿಂಗ್ ಅಲ್ಲಾಡುತ್ತೆ, ಐಡಲ್ ಏರಿಳಿಯುತ್ತೆ. ಸಾಲದ್ದಕ್ಕೆ ಸಿಗ್ನಲ್ ವೈರ್ ಸ್ಪಾರ್ಕ್ ಕೊಡೋ ಕಾಯಿಲ್‌ನ ವೈರ್ ಜೊತೆಗೇ ಸುತ್ತಿ ಬಂದಿದೆ, ಅದರ ಗದ್ದಲವೂ ಸಿಗ್ನಲ್‌ಗೆ ಸೇರಬಹುದು.

ವಿಡಿಯೋ ಕಳಿಸಿದ್ದಕ್ಕೆ ಉತ್ತರ ಕೇಳಿ: "ಟೇಪ್ ನೀವೇ ಬಿಚ್ಚಿದ್ದೀರಿ ಸರ್, ವಾರಂಟಿ ಹೋಯ್ತು." ಬಿಚ್ಚದೆ ತಪ್ಪು ಕಾಣೋದು ಹೇಗೆ? ಅದಕ್ಕೆ ಉತ್ತರ ಇಲ್ಲ.

ಹಾಗಾಗಿ ಯಾರ ಹಾರ್ನೆಸ್ಸೇ ಆಗಲಿ, ವೈರ್ ಬಣ್ಣ ನಂಬಬೇಡಿ. ಸೆನ್ಸರ್ ಬಿಚ್ಚಿ ಮಲ್ಟಿಮೀಟರ್‌ನಲ್ಲಿ ಓಮ್ಸ್ (ರೆಸಿಸ್ಟೆನ್ಸ್) ನೋಡಿ: ಥ್ರಾಟಲ್ ತಿರುಗಿಸಿದ್ರೂ ಯಾವ ಎರಡು ಪಿನ್ ನಡುವೆ ಓಮ್ಸ್ ಬದಲಾಗಲ್ವೋ ಅವು ಎರಡು ತುದಿ, ಉಳಿದದ್ದು ಸಿಗ್ನಲ್. ಥ್ರಾಟಲ್ ತೆರೆದಂಗೆ ಸಿಗ್ನಲ್‌ನಿಂದ ಯಾವ ತುದಿಗೆ ಓಮ್ಸ್ ಹೆಚ್ಚುತ್ತೋ ಅದು ಗ್ರೌಂಡ್, ಕಮ್ಮಿಯಾಗೋದು ಐದು ವೋಲ್ಟ್. ಹಾರ್ನೆಸ್ ಕಡೆ ಕೀ ಆನ್ ಮಾಡಿ ಐದು ವೋಲ್ಟ್ ಎಲ್ಲಿ ಬರ್ತಿದೆ ನೋಡಿ, ಆಮೇಲಷ್ಟೇ ಸಿಕ್ಕಿಸಿ. ನಾಲ್ಕು ವೈರ್ ಇದ್ರೆ ಒಂದು ಐಡಲ್ ಸ್ವಿಚ್ ಇರಬಹುದು. ಆರು ವೈರಿನ ಎಲೆಕ್ಟ್ರಾನಿಕ್ ಥ್ರಾಟಲ್‌ಗೆ ಈ ಲೆಕ್ಕ ಹಾಕಬೇಡಿ, ಅದರೊಳಗೆ ಮೋಟರೂ ಇರುತ್ತೆ.

ದುಡ್ಡು ವಾಪಸ್ ಕೇಳಿದ್ದಕ್ಕೆ ಏನಂದ್ರು ಗೊತ್ತಾ? "ಮುಂದಿನ ಆರ್ಡರ್‌ಗೆ ಡಿಸ್ಕೌಂಟ್ ಕೊಡ್ತೀವಿ ಸರ್." ಮುಂದಿನ ಆರ್ಡರ್ ಅಂತೆ!